ಅಪ್‌ಡೇಟ್: ಅಮ್ಮನ ಕ್ಯಾಸೆಟ್ ಸರಿಹೋಯಿತು

ಅಮ್ಮನ ವರ್ಷಾಂತಿಕಕ್ಕೆ ಮೊಮ್ಮಕ್ಕಳಿಗೆಲ್ಲ ಅವಳ ದನಿ ಕೇಳಿಸಬೇಕು, ಆದರೆ ಹಳೇ ಕ್ಯಾಸೆಟ್ಟಿನಲ್ಲಿ ಹಾಡು ತೀರಾ ಮಂಕಾಗಿದೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ. ಕೆಲಸ ಆಯಿತು!

ಪ್ಲೇಯರಿನ ಹೆಡ್ (ಟೇಪಿನಿಂದ ದನಿ ಓದುವ ಭಾಗ) ಅನ್ನು ಸ್ಪಿರಿಟ್‌ನಲ್ಲಿ ಒರೆಸಿ ನೋಡಿದೆ, ಪ್ರಯೋಜನ ಆಗಲಿಲ್ಲ. ಟೇಪನ್ನು ಹಿಂದೆ ಮುಂದೆ ಸುತ್ತಿದರೂ ಅಷ್ಟೇ. "ಕ್ಯಾಸೆಟ್ಟಿನೊಳಗಿನ ಪುಟ್ಟ ಮೆತ್ತೆ ಇದೆಯಾ ನೋಡಿ" ಅಂದವರ ಮಾತೇ ನಿಜವಾಯಿತು. ಟೇಪನ್ನು ಹೆಡ್‌ಗೆ ಒತ್ತಿ ಹಿಡಿಯುವ ಆ ಮೆತ್ತೆ ಉದುರಿಹೋಗಿತ್ತು. ಮುಂಬೈಯ ಲ್ಯಾಮಿಂಗ್ಟನ್ ರೋಡಿನ ರಿಪೇರಿಯವರೊಬ್ಬರು ಸ್ಕ್ರೂ ಬಿಚ್ಚಿ, ಸುರುಳಿಗಳನ್ನು ಬೇರೆ ಕ್ಯಾಸೆಟ್ಟಿನ ಡಬ್ಬಿಯಲ್ಲಿ ಕೂರಿಸಿಕೊಟ್ಟರು. ಆಮೇಲೆ ಲ್ಯಾಪ್‌ಟಾಪಿಗೆ ವೈರ್ ಕೊಟ್ಟು ಆಡಾಸಿಟಿ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ರೆಕಾರ್ಡ್ ಮಾಡಿದೆ. 60 ನಿಮಿಷದ ಟೇಪಿಗೆ 60 ನಿಮಿಷ ಬೇಕೇ ಬೇಕು, ಅವಸರ ನಡೆಯಲ್ಲ.

ಇನ್ನೊಂದು ಬದಿ ಖಾಲಿ ಅಂದುಕೊಂಡಿದ್ದೆವು. ಅಲ್ಲಿ ಅಮ್ಮ ನಮ್ಮಕ್ಕನ ಮಗಳಿಗೆ ಹೋಳಿಗೆಯ ಕಣಕ ನಾದೋದು ಹೇಳಿಕೊಡ್ತಿದ್ದಾಳೆ! "ಎಣ್ಣೆ ಇನ್ನೂ ಹಾಕು ಪುಟ್ಟಿ, ಕಂಜೂಸಿ ಮಾಡಬೇಡ." ಹಿನ್ನೆಲೆಯಲ್ಲಿ ಡೊಂಬಿವಲಿ ಲೋಕಲ್ ರೈಲಿನ ಹಾರ್ನ್. ಪುಟ್ಟಿ ಅದನ್ನು ಕೇಳುತ್ತಲೇ ಅತ್ತುಬಿಟ್ಟಳು. ವರ್ಷಾಂತಿಕದ ಹೋಳಿಗೆಯನ್ನು ಅವಳೇ ಮಾಡಿದಳು, ಎಣ್ಣೆ ಧಾರಾಳವಾಗಿ ಹಾಕಿ.

ಇದೇ ತೊಂದರೆ ಇರುವವರು ಮೊದಲು ಆ ಮೆತ್ತೆ ನೋಡಿ. ಡಬ್ಬಿ ಬದಲಿಸಲು ಸ್ಕ್ರೂ ಇರುವ ಕ್ಯಾಸೆಟ್ಟೇ ತೆಗೆದುಕೊಳ್ಳಿ, ಅಂಟಿಸಿದ್ದನ್ನು ಬಿಚ್ಚೋದು ಕಷ್ಟ.