ಲಿವರ್ ಕ್ಯಾನ್ಸರ್‌ಗೆ ಮೈಕ್ರೋಆರ್‌ಎನ್‌ಎ ರಕ್ತಪರೀಕ್ಷೆ: ಗೊತ್ತಿದ್ದವರು ಹೇಳಿ

ಎಲ್ಲರಿಗೂ ನಮಸ್ಕಾರ. ನಾವು ಡೊಂಬಿವಲಿಯಲ್ಲಿರುವವರು. ಅಣ್ಣನಿಗೆ ಬಹಳ ವರ್ಷಗಳಿಂದ ಹೆಪಟೈಟಿಸ್ ಬಿ ಇದೆ. ಟೆನೊಫೊವಿರ್ ಮಾತ್ರೆ ನಡೆಯುತ್ತಿದೆ, ಆರು ತಿಂಗಳಿಗೊಮ್ಮೆ ಸೋನೋಗ್ರಫಿ ಮತ್ತು ಎಎಫ್‌ಪಿ (ಲಿವರ್ ಕ್ಯಾನ್ಸರ್‌ನ ಸುಳಿವಿಗಾಗಿ ನೋಡುವ ರಕ್ತಪರೀಕ್ಷೆ) ಮಾಡಿಸುತ್ತೇವೆ. ಈ ಸಲ ಎಎಫ್‌ಪಿ 26 ಬಂದಿದೆ, ದಪ್ಪ ಅಕ್ಷರದಲ್ಲಿ, ಪಕ್ಕದಲ್ಲೊಂದು ‘ಎಚ್’, ಅಂದರೆ ಹೈ. ಸೋನೋಗ್ರಫಿಯಲ್ಲಿ ಗಂಟು ಏನೂ ಕಂಡಿಲ್ಲ. ಲಿವರ್‌ಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಎಸ್‌ಜಿಪಿಟಿಯೂ ಜಾಸ್ತಿ ಇದೆ.

ಡಾಕ್ಟರು ಕಾಂಟ್ರಾಸ್ಟ್ ಕೊಟ್ಟು ಸಿಟಿ ಸ್ಕ್ಯಾನ್ ಮಾಡಿಸಿ ಎಂದರು. ಅಣ್ಣನಿಗೆ ಅದರ ಹೆಸರು ಕೇಳಿದರೇ ಭಯ. ಅಷ್ಟರಲ್ಲಿ ಒಂದು ಲ್ಯಾಬಿನವರು ‘ಮೈಕ್ರೋಆರ್‌ಎನ್‌ಎ ಟೆಸ್ಟ್ ಮಾಡಿಸಿ, ರಕ್ತದಲ್ಲೇ ಗೊತ್ತಾಗುತ್ತದೆ’ ಎಂದು ಅವನ ತಲೆಗೆ ಹುಳ ಬಿಟ್ಟಿದ್ದಾರೆ. 2024ರ ನೊಬೆಲ್ ಇದಕ್ಕೇ ಬಂದದ್ದಂತೆ! ಬಂದದ್ದು ನಿಜ, ಆದರೆ ಅದು ಮೈಕ್ರೋಆರ್‌ಎನ್‌ಎ ಕಂಡುಹಿಡಿದದ್ದಕ್ಕೆ, ಇವರ ಪ್ಯಾಕೇಜಿಗಲ್ಲ.

ಸ್ವಲ್ಪ ಓದಿದೆ. ಇವು ಜೀನುಗಳ ಕೆಲಸವನ್ನು ಹತೋಟಿಯಲ್ಲಿಡುವ ಪುಟ್ಟ ಆರ್‌ಎನ್‌ಎ ತುಣುಕುಗಳು. ಇವುಗಳಲ್ಲಿ ಮಿರ್-122 ಎಂಬುದು ಲಿವರ್‌ನಲ್ಲೇ ಹೇರಳ, ಅಲ್ಲಿನ ಜೀವಕೋಶ ಒಡೆದಾಗ ರಕ್ತಕ್ಕೆ ಬರುತ್ತದೆ. ಮಿರ್-21 ಎಂಬ ಇನ್ನೊಂದು ಬೇರೆ ಕ್ಯಾನ್ಸರ್‌ಗಳಲ್ಲೂ ಏರುತ್ತದೆ. ನಾನು ಸಿಕ್ಕಿಹಾಕಿಕೊಂಡಿರುವುದು ಇಲ್ಲೇ. ಬರೀ ಹೆಪಟೈಟಿಸ್‌ನ ಉರಿಯೂತಕ್ಕೂ ಮಿರ್-122 ಏರುತ್ತದೆ ಅಲ್ವಾ? ಎಎಫ್‌ಪಿಯದ್ದೂ ಅದೇ ಕಥೆ. ಹಾಗಾದರೆ ಎಸ್‌ಜಿಪಿಟಿ ಜಾಸ್ತಿ ಇರುವಾಗ ಈ ಟೆಸ್ಟ್ ಹೊಸದಾಗಿ ಏನು ಹೇಳುತ್ತದೆ? ಲ್ಯಾಬಿಗೆ ಫೋನ್ ಮಾಡಿ ಕೇಳಿದರೆ ಸುಮ್ನೆ ರಿಯಾಯಿತಿ ದರ ಹೇಳುತ್ತಾರೆ.

ಮುಂಬೈ, ಪುಣೆ ಕಡೆ ಲಿವರ್ ವಿಭಾಗದಲ್ಲಿ ಕೆಲಸ ಮಾಡುವವರು, ಈ ಟೆಸ್ಟ್ ಮಾಡಿಸಿದವರು ಇದ್ದರೆ ಹೇಳಿ: ಇದರ ರಿಪೋರ್ಟ್ ನಾರ್ಮಲ್ ಬಂದರೆ ಯಾವ ಡಾಕ್ಟರಾದರೂ ಸಿಟಿ ಬೇಡ ಎನ್ನುತ್ತಾರಾ? ಇಲ್ಲವೆಂದರೆ ಅಣ್ಣನನ್ನು ನೇರ ಸ್ಕ್ಯಾನಿಗೇ ಕರೆದೊಯ್ಯುತ್ತೇನೆ.