ಪದಚರ್ಚೆ: ಯೂಟಾದ ಮಾರ್ಮನ್ ರೈತರನ್ನು ‘ಒಕ್ಕಲು’ ಎನ್ನಬಹುದೇ?

ಗೆಳೆಯರೇ,

ಡೆನ್ಮಾರ್ಕಿನಿಂದ ಹೊರಟು ಅಮೆರಿಕದ ಯೂಟಾದಲ್ಲಿ ಬೇಸಾಯ ಹಿಡಿದ, ಮಾರ್ಮನ್ ಎಂಬ ಕ್ರೈಸ್ತ ಪಂಥದ ವಲಸಿಗರ ಬದುಕಿನ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಲ್ಲಿ ಅವರನ್ನು ‘ಪಯನಿಯರ್’ ಅನ್ನುತ್ತಾರೆ. ಇದಕ್ಕೆ ನಮ್ಮಲ್ಲಿ ಯಾವ ಪದ ಬಳಸೋಣ ಅನ್ನೋದು ನನ್ನ ಮುಖ್ಯ ಪ್ರಶ್ನೆ. ಇನ್ನೂ ಕೆಲವು ಪದಗಳ ಬಗ್ಗೆಯೂ ನಿಮ್ಮ ಮಾತು ಬೇಕು.

ನಿಘಂಟು ಕೊಡುವ ‘ಹರಿಕಾರ’, ‘ಪ್ರವರ್ತಕ’, ‘ಅಗ್ರಗಾಮಿ’ ಯಾವುದೂ ಇಲ್ಲಿ ಒಗ್ಗುವುದಿಲ್ಲ. ಸಹಕಾರ ಚಳವಳಿಯ ಹರಿಕಾರ ಎಂದರೆ ಸರಿ. ಆದರೆ ಗುಡ್ಡದ ಬದಿಯಲ್ಲಿ ನೆಲ ಅಗೆದು, ಆ ಗುಂಡಿಮನೆಯಲ್ಲೇ ಮೊದಲ ಚಳಿಗಾಲ ಕಳೆದ ರೈತನನ್ನು ಹರಿಕಾರ ಎಂದರೆ ಸನ್ಮಾನ ಪತ್ರದ ಭಾಷೆ ಆಗಿಬಿಡುತ್ತದೆ. ಯೂಟಾದಲ್ಲಿ ಈ ಪದಕ್ಕೆ ಒಂದು ಗಡಿಯೂ ಇದೆ. ಮೊದಲ ತಂಡ ಸಾಲ್ಟ್ ಲೇಕ್ ಕಣಿವೆಗೆ ಬಂದದ್ದು 1847ರ ಜುಲೈನಲ್ಲಿ. 1869ರ ಮೇ 10ರಂದು ಯೂಟಾದ ಪ್ರಾಮಂಟರಿಯಲ್ಲಿ ಪೂರ್ವ-ಪಶ್ಚಿಮದ ರೈಲು ಹಳಿಗಳು ಕೂಡಿದವು. ಈ ನಡುವೆ ಎತ್ತಿನ ಬಂಡಿಯಲ್ಲೋ ಕಾಲ್ನಡಿಗೆಯಲ್ಲೋ ಬಯಲು ದಾಟಿ ಬಂದವರೇ ಪಯನಿಯರ್‌ಗಳು. ಆಮೇಲೆ ರೈಲು ಹತ್ತಿ ಬಂದವರಿಗೆ ಆ ಹೆಸರಿಲ್ಲ.

ನನಗೆ ಹೊಳೆದ ಪದ ‘ಒಕ್ಕಲು’. ಅದರಲ್ಲಿ ಮನೆ, ಕುಟುಂಬ, ಬೇಸಾಯ, ಒಂದೆಡೆ ನೆಲೆ ನಿಲ್ಲುವುದು, ಎಲ್ಲವೂ ಇದೆ. ಮಾರ್ಮನ್ ರೈತರಿಗೆ ಇದು ಚೆನ್ನಾಗಿ ಹೊಂದುತ್ತದೆ. ಯಾಕೆಂದರೆ ಅಮೆರಿಕದ ಬೇರೆ ಕಡೆಯ ಎಷ್ಟೋ ರೈತರ ಹಾಗೆ ಅವರು ಹೊಲದ ನಡುವೆ ಒಂಟಿ ಮನೆ ಕಟ್ಟಿಕೊಳ್ಳಲಿಲ್ಲ. ಅಗಲ ಬೀದಿಗಳ ಊರು ಕಟ್ಟಿ, ಎಲ್ಲರೂ ಒಟ್ಟಿಗೆ ಇದ್ದು, ಊರಾಚೆಯ ಹೊಲಕ್ಕೆ ಹೋಗಿ ಬರುತ್ತಿದ್ದರು. ಅವರು ಬಂದ ಕಥೆ ಹೀಗೆ: ಡೆನ್ಮಾರ್ಕಿನ 1849ರ ಸಂವಿಧಾನ ಧರ್ಮದ ಸ್ವಾತಂತ್ರ್ಯ ಕೊಟ್ಟಿತು. ಮರುವರ್ಷವೇ ಮಾರ್ಮನ್ ಮುಖಂಡ ಎರಾಸ್ಟಸ್ ಸ್ನೋ ಮತ್ತು ಜೊತೆಗಾರರು ಅಲ್ಲಿಗೆ ಪ್ರಚಾರಕ್ಕೆ ಬಂದರು. 1851ರಲ್ಲಿ ಅವರ ಪವಿತ್ರ ಪುಸ್ತಕವಾದ ಮಾರ್ಮನ್ ಗ್ರಂಥ ಡ್ಯಾನಿಶ್ ಭಾಷೆಯಲ್ಲಿ ಅಚ್ಚಾಯಿತು. ಇಂಗ್ಲಿಷ್ ಬಿಟ್ಟರೆ ಅದು ಬಂದ ಮೊದಲ ಭಾಷೆ ಅದೇ. ನಂತರ ಕುಟುಂಬ ಕುಟುಂಬಗಳೇ ಹೊರಟವು. ಬಹಳ ಜನ ಯೂಟಾದ ಸ್ಯಾನ್‌ಪೀಟ್ ಕಣಿವೆಯ ಮ್ಯಾಂಟೈ, ಎಫ್ರೇಮ್ ಊರುಗಳಲ್ಲಿ ಒಕ್ಕಲಾದರು.

ಆದರೆ ಎರಡು ಅನುಮಾನ ಇವೆ. ಕರಾವಳಿ, ಮಲೆನಾಡಿನಲ್ಲಿ ಒಕ್ಕಲು ಎಂದರೆ ಧಣಿಯ ಕೈಕೆಳಗಿನ ಗೇಣಿದಾರ ಅನ್ನೋ ಅರ್ಥವೇ ಜಾಸ್ತಿ. ಸ್ಯಾನ್‌ಪೀಟಿನ ರೈತನಿಗೆ ಧಣಿ ಇರಲಿಲ್ಲ. ಸಾಲ ಇದ್ದಿರಬಹುದು. ಬಡವರ ಪ್ರಯಾಣಕ್ಕೆಂದು ಮಾರ್ಮನ್ನರು 1849ರಲ್ಲಿ ಒಂದು ವಲಸೆ ನಿಧಿ ತೆರೆದಿದ್ದರು. ಅದರ ನೆರವಿನಿಂದ ಬಂದವರು ಆಮೇಲೆ ದುಡಿದು ತೀರಿಸಬೇಕಿತ್ತು.

ಎರಡನೆಯದು ನನ್ನನ್ನು ಹೆಚ್ಚು ಕಾಡುತ್ತಿದೆ. ‘ಮೊದಲ ಒಕ್ಕಲು’ ಎಂದು ಬರೆಯಲು ಕೈ ಬರುತ್ತಿಲ್ಲ. ಆ ಕಣಿವೆ ಅಲ್ಲಿನ ಮೂಲನಿವಾಸಿಗಳಾದ ಯೂಟ್ ಜನರದ್ದು. 1849ರಲ್ಲಿ ಮಾರ್ಮನ್ನರು ಅಲ್ಲಿಗೆ ಹೋದದ್ದೇ ಯೂಟ್ ನಾಯಕ ವಾಕರಾ ಕರೆದ ಮೇಲೆ. 1865ರ ಹೊತ್ತಿಗೆ ಅದೇ ಕಣಿವೆಯಲ್ಲಿ ಇಬ್ಬರ ನಡುವೆ ಯುದ್ಧ ಶುರುವಾಯಿತು. ಕೊನೆಗೆ ಯೂಟ್ ಜನರನ್ನು ಯುಇಂಟಾ ಮೀಸಲು ಪ್ರದೇಶಕ್ಕೆ ಸಾಗಹಾಕಲಾಯಿತು. ಬೇಟೆಯಾಡುತ್ತಾ, ಗಡ್ಡೆ ಕಾಳು ಕೂಡಿಸುತ್ತಾ ಕಾಲಕಾಲಕ್ಕೆ ಜಾಗ ಬದಲಿಸುತ್ತಿದ್ದ ಜನ ಅವರು. ಬೇಸಾಯ ಮಾಡದವರನ್ನು ‘ಒಕ್ಕಲೆಬ್ಬಿಸಿದರು’ ಎನ್ನಬಹುದೇ? ನನ್ನ ಪ್ರಕಾರ ಎನ್ನಲೇಬೇಕು. ಪದದ ಬೇರು ಏನೇ ಇರಲಿ, ಇದ್ದ ನೆಲೆ ಬಿಡಿಸಿದ್ದಕ್ಕೆ ಕನ್ನಡಿಗರ ಬಾಯಲ್ಲಿರುವ ಮಾತು ಅದೇ ಅಲ್ವಾ? ಹಾಗಾಗಿ ಈ ರೈತರಿಗೆ ‘ಹೊಸ ಒಕ್ಕಲು’ ಅಥವಾ ‘ವಲಸೆ ಒಕ್ಕಲು’ ಎನ್ನೋಣವೇ ಅಂತ ಯೋಚಿಸುತ್ತಿದ್ದೇನೆ.

ಮುಂದಿನದು ನೀರಿನ ಮಾತು. ಯೂಟಾದಲ್ಲಿ ಮಳೆ ನಂಬಿ ಬೆಳೆ ತೆಗೆಯುವುದು ಕಷ್ಟ. 1847ರಲ್ಲಿ ಬಂದವರು ಗಟ್ಟಿ ನೆಲ ಉಳಲಾಗದೆ, ಸಿಟಿ ಕ್ರೀಕ್ ಎಂಬ ತೊರೆಗೆ ಕಟ್ಟೆ ಹಾಕಿ ನೆಲ ನೆನೆಸಿದರು. ಆಮೇಲೆ ಆಲೂಗಡ್ಡೆ ಹಾಕಿದರು. ಮುಂದೆ ಊರೂರಲ್ಲೂ ಬೆಟ್ಟದ ಹಿಮ ಕರಗಿದ ನೀರನ್ನು ಕಾಲುವೆಯಲ್ಲಿ ತಂದರು. ಕಾಲುವೆ ತೋಡಲು ದುಡಿದವರಿಗೆ ನೀರಿನಲ್ಲಿ ಪಾಲು. ಗಂಟೆ ಲೆಕ್ಕದಲ್ಲಿ ಸರದಿ. ಸರದಿ ನಡುರಾತ್ರಿ ಬಂದರೂ ಲಾಂದ್ರ, ಸಲಿಕೆ ಹಿಡಿದು ಹೋಗಲೇಬೇಕು. ಇದನ್ನೆಲ್ಲ ನೋಡಿಕೊಳ್ಳುವವನು ‘ವಾಟರ್‌ಮಾಸ್ಟರ್’. ನಮ್ಮ ‘ನೀರಗಂಟಿ’ ಮಾಡುತ್ತಿದ್ದ ಕೆಲಸವೂ ಇದೇ. ತೂಬು ತೆಗೆಯುವುದು, ಯಾರ ಗದ್ದೆಗೆ ಎಷ್ಟು ಹೊತ್ತು ಅಂತ ನೋಡುವುದು, ಜಗಳ ತಪ್ಪಿಸುವುದು. ಆದರೆ ನೀರಗಂಟಿ ಹಳೆಯ ಆಯಗಾರರಲ್ಲಿ ಒಬ್ಬ. ಕೆಲಸ ತಲೆಮಾರಿನಿಂದ ಬಂದದ್ದು. ಕಣದಲ್ಲಿ ಅವನಿಗೆ ಕಾಳಿನ ಪಾಲು. ಬಹಳ ಕಡೆ ಅವನು ಊರು ದೂರ ಇಟ್ಟ ಜಾತಿಯವನು. ಯೂಟಾದ ವಾಟರ್‌ಮಾಸ್ಟರ್ ಆ ಊರಿನ ರೈತರಲ್ಲೇ ಒಬ್ಬ. ಅಷ್ಟು ವ್ಯತ್ಯಾಸ ಇದ್ದರೂ ‘ಜಲಾಧಿಕಾರಿ’ ಎಂಬ ಹೊಸ ಪದ ಹೊಸೆಯುವುದಕ್ಕಿಂತ ನೀರಗಂಟಿ ಎಂದೇ ಬರೆದು, ಈ ವ್ಯತ್ಯಾಸವನ್ನು ಒಂದು ಸಾಲಿನಲ್ಲಿ ಹೇಳುವುದು ಮೇಲು ಎನಿಸುತ್ತದೆ.

ಇನ್ನೊಂದು ಗಾಡಿಯ ಮಾತು. 1856ರಿಂದ 1860ರವರೆಗೆ 10 ತಂಡಗಳಲ್ಲಿ ಸುಮಾರು 3000 ಮಾರ್ಮನ್ ವಲಸಿಗರು ತಮ್ಮ ಸಾಮಾನನ್ನು ತಾವೇ ಗಾಡಿಯಲ್ಲಿ ಎಳೆದುಕೊಂಡು ಬಂದರು. ದೊಡ್ಡವರಿಗೆ ತಲೆಗೆ 8 ಕಿಲೋದಷ್ಟು ಸಾಮಾನು ಮಾತ್ರ. 1856ರಲ್ಲಿ ತಡವಾಗಿ ಹೊರಟ ಎರಡು ತಂಡ ವಯೋಮಿಂಗಿನ ಹಿಮದಲ್ಲಿ ಸಿಕ್ಕಿ 200ಕ್ಕೂ ಹೆಚ್ಚು ಜನ ಸತ್ತರು. ‘ಹ್ಯಾಂಡ್‌ಕಾರ್ಟ್’ ಎನ್ನುವ ಆ ಗಾಡಿಗೆ ‘ತಳ್ಳುಗಾಡಿ’ ಬೇಡ. ಅದು ಬೀದಿಯ ತರಕಾರಿ ವ್ಯಾಪಾರವನ್ನು ಕಣ್ಮುಂದೆ ತರುತ್ತದೆ. ಇವರು ಎತ್ತಿನ ಜಾಗದಲ್ಲಿ ನಿಂತು ಅಡ್ಡಪಟ್ಟಿ ಹಿಡಿದು ಎಳೆದವರು. ‘ಕೈಗಾಡಿ’ ಸಾಕು.

‘ಬಿಷಪ್’ ಪದವನ್ನು ಹಾಗೇ ಉಳಿಸಬೇಕೇ? ನಮ್ಮ ಓದುಗರಿಗೆ ಬಿಷಪ್ ಎಂದರೆ ಇಡೀ ಧರ್ಮಪ್ರಾಂತ್ಯದ ಗುರು. ಮಾರ್ಮನ್ ಬಿಷಪ್ ಸಂಬಳವಿಲ್ಲದ ಸ್ಥಳೀಯ ಮುಖ್ಯಸ್ಥ, ಹಳ್ಳಿಯಲ್ಲಾದರೆ ಬಹುಪಾಲು ತಾನೂ ರೈತ. ಊರವರು ಕೊಡುವ ಹತ್ತರಲ್ಲೊಂದು ಪಾಲನ್ನು ಪಡೆಯುವವನೂ ಅವನೇ. ಗೋಧಿ, ಹುಲ್ಲು, ಬೆಣ್ಣೆ, ಮೊಟ್ಟೆ ಏನಾದರೂ ಆದೀತು. ‘ಹಿರಿಯ’ ಎನ್ನೋಣವೆಂದರೆ ಅವರಲ್ಲಿ ‘ಎಲ್ಡರ್’ ಎಂಬ ಬೇರೆಯೇ ಪದವಿ ಇದೆ.

ಹೊಲದಲ್ಲಿ ಅವರು ದನಗಳಿಗೆಂದು ಬೆಳೆದ ಲೂಸರ್ನ್‌ಗೆ ‘ಕುದುರೆ ಮಸಾಲೆ’ ಎಂದು ಬರೆದಿದ್ದೇನೆ. ಹಸು ಸಾಕುವವರಿಗೆ ತಕ್ಷಣ ಗೊತ್ತಾಗುತ್ತದೆ, ಹಾಗಾಗಿ ಬದಲಿಸುವ ಮನಸ್ಸಿಲ್ಲ.

ಒಕ್ಕಲು, ನೀರಗಂಟಿ ಎರಡರ ಬಗ್ಗೆ ನಿಮ್ಮ ಕಡೆಯ ಬಳಕೆ ತಿಳಿಸಿ. ಮುಖ್ಯವಾಗಿ, ನಿಮ್ಮ ಊರಲ್ಲಿ ಸ್ವಂತ ಜಮೀನಿನ ರೈತರನ್ನೂ ಒಕ್ಕಲು ಅನ್ನುತ್ತಾರೋ, ಗೇಣಿಗೆ ಮಾಡುವವರನ್ನು ಮಾತ್ರವೋ?