ಟ್ರಾವೆಲ್ ಟ್ರೇಲರ್ ಚಾವಣಿಯ ಸೋರಿಕೆ: ಸಹಾಯ ಬೇಕು

ವಾಹನದ ಹಿಂದೆ ಕಟ್ಟಿ ಎಳೆದೊಯ್ಯುವ, ಒಳಗೆ ವಾಸಿಸಬಹುದಾದ ನಮ್ಮ ಟ್ರಾವೆಲ್ ಟ್ರೇಲರ್‌ನ ಚಾವಣಿಯಲ್ಲಿ ಗಾಳಿಕಿಂಡಿಯ ಸುತ್ತ ನೀರು ಒಳಬರದಂತೆ ಹಚ್ಚಿದ್ದ ಸೀಲೆಂಟ್ ಬಿರುಕು ಬಿಟ್ಟಿದ್ದು, ಅದರ ಪಕ್ಕದ ಒಳಗೋಡೆಯನ್ನು ಬೆರಳಿನಿಂದ ಒತ್ತಿದರೆ ಮೆತ್ತಗಾಗಿರುವುದು ತಿಳಿಯುತ್ತದೆ. ಹಿಂದಿನ ಮಾಲೀಕರು ಬಿರುಕಿನ ಮೇಲೆಯೇ ಸಿಲಿಕೋನ್ ಬಳಿದಿದ್ದಾರೆ. ಸಿಲಿಕೋನ್ ಉಳಿದ ಕಡೆ ಹೊಸ ಸೀಲೆಂಟ್ ಸರಿಯಾಗಿ ಹಿಡಿಯುವುದಿಲ್ಲವಾದ್ದರಿಂದ ಅದನ್ನು ಪೂರ್ತಿ ಕೆರೆದು ತೆಗೆಯಲೇಬೇಕು, ಆದರೆ ಪೆಟ್ರೋಲಿಯಂ ಆಧಾರಿತ ದ್ರಾವಕಗಳು ಚಾವಣಿಗೆ ಹೊದಿಸಿರುವ ಇಪಿಡಿಎಂ ಎಂಬ ಕೃತಕ ರಬ್ಬರನ್ನು ಉಬ್ಬಿಸಿ ಕೆಡಿಸುತ್ತವೆ. ರಬ್ಬರ್ ಹಾಳೆ ಹರಿಯದಂತೆ ಈ ಕೆಲಸ ಮಾಡಿದ ಅನುಭವವಿರುವವರು ತಾವು ಬಳಸಿದ ಸಾಧನ ಮತ್ತು ವಿಧಾನವನ್ನು ದಯವಿಟ್ಟು ತಿಳಿಸಬೇಕಾಗಿ ವಿನಂತಿ. ಒಳಗಿನ ಮರದ ಚೌಕಟ್ಟು ಕೊಳೆತಿದೆಯೇ ಎಂಬುದನ್ನು ಗೋಡೆ ಬಿಚ್ಚದೆ, ತೇವಾಂಶ ಮಾಪಕವೊಂದನ್ನೇ ನಂಬಿ ಹೇಳಬಹುದೇ? ತೇವ ಒಣಗುವ ಮುನ್ನವೇ ಮೇಲಿನಿಂದ ಮುಚ್ಚಿಬಿಡುವುದು ನನಗಂತೂ ಸರಿಕಾಣುವುದಿಲ್ಲ.